ಮುಖಕ್ಕೆ ಕೊಡೆ, ಕೈಗೆ ಬಿಸಿಲು

ಮೂಳೆ ಡಾಕ್ಟರು "ಸ್ವಲ್ಪ ಬಿಸಿಲಿಗೆ ಹೋಗಿ ಮೇಡಂ" ಅಂದರು. ಎರಡು ತಿಂಗಳು ಬಿಟ್ಟು ಚರ್ಮದ ಡಾಕ್ಟರು "ಬಿಸಿಲಿಗೆ ಹೋಗಲೇಬೇಡಿ" ಅಂದರು. ಇಬ್ಬರ ಕ್ಲಿನಿಕ್ಕೂ ಮುಂಬಯಿ ಹೊರವಲಯದ ಡೊಂಬಿವಲಿ ಪೂರ್ವದ ಒಂದೇ ರಸ್ತೆಯಲ್ಲಿ. ಇಬ್ಬರು ಹೇಳಿದ್ದೂ ಸರಿ ಎಂದು ಹೊಳೆಯಲು ನನಗೆ ತಿಂಗಳುಗಳೇ ಹಿಡಿದವು.

ಆಗ ನನಗೆ 47. ಎಂಟರ ಲೋಕಲ್ ಹಿಡಿದು ಸಿಎಸ್‌ಎಂಟಿ ಸ್ಟೇಷನ್, ಅಲ್ಲಿಂದ ನಗರ ಸಾರಿಗೆಯ ಬೆಸ್ಟ್ ಬಸ್ಸು, ನರಿಮನ್ ಪಾಯಿಂಟಿನ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ, ಮನೆ ಮುಟ್ಟುವಾಗ ರಾತ್ರಿ. ಹಿಮ್ಮಡಿ ನೋವು, ಸೊಂಟ ನೋವು ಮೊದಲಿಂದಲೂ ಇತ್ತು. ಆ ಮಳೆಗಾಲ ಸ್ಟೇಷನ್ನಿನ ಸೇತುವೆ ಹತ್ತುವಾಗ ತೊಡೆಯೇ ಸೋತು, ಕಂಬಿ ಹಿಡಿದು ನಿಲ್ಲುವಂತಾಯಿತು. ಸೆಪ್ಟೆಂಬರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ 9.4. ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಅನ್ನುತ್ತಾರೆ, ನನ್ನದು ಅದರ ಅರ್ಧವೂ ಇರಲಿಲ್ಲ. ಹೊನ್ನಾವರದ ಕಡಲದಂಡೆಯಲ್ಲಿ ಬೆಳೆದು, ಮುಂಬಯಿಯ ಸೆಖೆಯಲ್ಲಿ ಇಪ್ಪತ್ತು ವರ್ಷ ಬೆಂದವಳಿಗೆ ಬಿಸಿಲಿನ ಕೊರತೆ! ಇವರು ರಿಪೋರ್ಟ್ ನೋಡಿ ನಕ್ಕೇಬಿಟ್ಟರು. ತಮ್ಮದೂ ಮಾಡಿಸಿಕೊಂಡ ಮೇಲೆ ನಗು ನಿಂತಿತು.

ಔಷಧಿ ಸುಲಭದ್ದು. ವಾರಕ್ಕೊಂದು 60,000 ಯುನಿಟ್ಟಿನ ಪೊಟ್ಟಣ, ಹಾಲಿಗೆ ಬೆರೆಸಿ, ಎಂಟು ವಾರ. ನಾನು ಎಡವಿದ್ದು ಬಿಸಿಲಿನ ವಿಷಯದಲ್ಲಿ.

ಅತ್ತೆ ಹೇಳಿದ್ದು ಎಲ್ಲರ ಮನೆಯಲ್ಲೂ ಹೇಳುವ ಮಾತೇ: "ಎಳೆಬಿಸಿಲಿಗೆ ಕೂತ್ಕೋ, ಎಲ್ಲ ಸರಿಯಾಗ್ತದೆ. ರಥಸಪ್ತಮಿಗೆ ಎಕ್ಕದ ಎಲೆ ಇಟ್ಟು ಸ್ನಾನ ಮಾಡೂದು ಸುಮ್ಮನೆಯಾ?" ಭಾನುವಾರ ಬೆಳಿಗ್ಗೆ ಏಳಕ್ಕೆ ಪೂರ್ವದ ಕಿಟಕಿಯ ಬಳಿ ಚಹಾ ಹಿಡಿದು ಕೂತೆ. ರಸ್ತೆಯ ಧೂಳು ಬರುತ್ತದೆಂದು ಗಾಜು ಎಳೆದುಕೊಂಡೇ. ವಾರದ ದಿನಗಳಿಗೂ ಏನಾದರೂ ಬೇಕಲ್ಲ, ಕಚೇರಿಯಲ್ಲಿ ಪಶ್ಚಿಮದ ಗಾಜಿನ ಗೋಡೆಯ ಪಕ್ಕದ ಮೇಜು ಕೇಳಿ ಪಡೆದೆ. ಅಲ್ಲಿದ್ದ ಸಹೋದ್ಯೋಗಿ ಸಂತೋಷದಿಂದ ಬಿಟ್ಟುಕೊಟ್ಟಳು. ಎರಡೂವರೆಯಿಂದ ಸಂಜೆಯವರೆಗೆ ಎಡಗೆನ್ನೆಗೆ ಬಿಸಿಲೇ ಬಿಸಿಲು. ವಿಟಮಿನ್ ಏರುತ್ತಿದೆ ಎಂದು ನಾನು ಬೀಗುತ್ತಿದ್ದೆ.

ನವೆಂಬರಿನ ಹೊತ್ತಿಗೆ ಏರಿದ್ದು ಬಂಗು. ಎರಡನೇ ಬಸುರಿನಲ್ಲಿ ಬಂದು ಅರ್ಧ ಮಾಸಿದ್ದ ಕಂದು ಕಲೆ ಎಡಗೆನ್ನೆಯ ತುಂಬ ಹರಡಿ, ಬಲಗೆನ್ನೆ ಬೇರೆಯವರದೇನೋ ಅನ್ನುವಂತಾಗಿತ್ತು. ಚರ್ಮದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಎಡಕ್ಕೆ ಕಿಟಕಿ ಇದೆಯಾ?"

ಗಾಜಿನ ಗುಟ್ಟು ಅವರೇ ಬಿಡಿಸಿ ಹೇಳಿದರು. ಬಿಸಿಲಿನ ನೇರಳಾತೀತ ಕಿರಣದಲ್ಲಿ ನಮ್ಮ ಮೈ ಮುಟ್ಟುವವು ಎರಡು ಬಗೆ, ಯುವಿಎ ಮತ್ತು ಯುವಿಬಿ. ಚರ್ಮದಲ್ಲಿರುವ ಕೊಲೆಸ್ಟ್ರಾಲಿನ ಸಂಬಂಧಿ ವಸ್ತುವೊಂದರ ಮೇಲೆ ಯುವಿಬಿ ಬಿದ್ದರೆ ವಿಟಮಿನ್ ಡಿ ಹುಟ್ಟುತ್ತದೆ, ಆಮೇಲೆ ಪಿತ್ತಜನಕಾಂಗ, ಮೂತ್ರಪಿಂಡ ದಾಟಿ ಅದು ಕೆಲಸಕ್ಕೆ ಬರುತ್ತದೆ. ಈ ಯುವಿಬಿಯನ್ನು ಸಾಮಾನ್ಯ ಕಿಟಕಿ ಗಾಜು ತಡೆದುಬಿಡುತ್ತದೆ. ಯುವಿಎ ಹೆಚ್ಚಿನ ಪಾಲು ಒಳಗೆ ಬರುತ್ತದೆ. ಚರ್ಮ ಕಪ್ಪಾಗಿಸುವುದು, ಸುಕ್ಕುಗಟ್ಟಿಸುವುದು ಅದರ ಕೆಲಸ. ಅಂದರೆ ಎರಡು ತಿಂಗಳು ನಾನು ಲಾಭವನ್ನೆಲ್ಲ ಗಾಜಿನಾಚೆ ಬಿಟ್ಟು ನಷ್ಟವನ್ನಷ್ಟೇ ಸೋಸಿ ಒಳಗೆ ತೆಗೆದುಕೊಂಡಿದ್ದೆ. ಲೆಕ್ಕ ಬರೆಯುವವಳಿಗೆ ಇದಕ್ಕಿಂತ ಅವಮಾನ ಬೇಕೆ?

ಎಳೆಬಿಸಿಲಿನದೂ ಹೆಚ್ಚುಕಡಿಮೆ ಅದೇ ಕಥೆ. ಸೂರ್ಯ ಕೆಳಗಿದ್ದಾಗ ಕಿರಣ ಓರೆಯಾಗಿ ಬರುತ್ತದೆ, ಓಝೋನ್ ಪದರದಲ್ಲಿ ಅದು ಸಾಗುವ ದಾರಿ ಉದ್ದ, ಯುವಿಬಿ ಬಹುಪಾಲು ಅಲ್ಲೇ ಕಳೆದುಹೋಗುತ್ತದೆ. ಏಳು ಗಂಟೆಯ ಬಿಸಿಲು ಹಿತ, ಮನಸ್ಸಿಗೂ ನಿದ್ದೆಗೂ ಒಳ್ಳೆಯದು. ವಿಟಮಿನ್ ಡಿ ಮಾತ್ರ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅತ್ತೆಗೆ ಇದನ್ನು ಹೇಳಲು ಹೆದರಿದ್ದೆ. ಅವರು ಸ್ವಲ್ಪ ಯೋಚಿಸಿ, "ಹೌದು, ಎಳೆಬಿಸಿಲಿಗೆ ಹಪ್ಪಳವೂ ಒಣಗೂದಿಲ್ಲ" ಅಂದರು. ಆ ಮಾತು ನನಗೆ ಡಾಕ್ಟರ ವಿವರಣೆಗಿಂತ ಚೆನ್ನಾಗಿ ನೆನಪಿದೆ.

ಹಾಗಾದರೆ ಯಾವ ಹೊತ್ತು? ನೆರಳು ನೋಡಿ ತಿಳಿಯುವ ಸರಳ ಉಪಾಯವಿದೆ. ನಿಮ್ಮ ನೆರಳು ನಿಮಗಿಂತ ಉದ್ದವಿದ್ದರೆ ಯುವಿಬಿ ಕಡಿಮೆ, ಗಿಡ್ಡವಿದ್ದರೆ ಸಾಕಷ್ಟಿದೆ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು, ಮುಂಬಯಿ ಅದಕ್ಕಿಂತ ಬಹಳ ಪಶ್ಚಿಮಕ್ಕಿದೆ. ಹಾಗಾಗಿ ಇಲ್ಲಿ ಸೂರ್ಯನ ನಡುಹಗಲು ಹನ್ನೆರಡಕ್ಕಲ್ಲ, ಹನ್ನೆರಡೂ ನಲವತ್ತರ ಆಸುಪಾಸು. ಡಿಸೆಂಬರಿನಲ್ಲಿ ನೆರಳು ನಮಗಿಂತ ಗಿಡ್ಡವಿರುವುದು ಹನ್ನೊಂದೂವರೆಯಿಂದ ಒಂದೂವರೆಯವರೆಗೆ ಮಾತ್ರ. ಮೇ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಗೇ ಗಿಡ್ಡವಾಗುತ್ತದೆ, ತಿಂಗಳ ನಡುವೆ ಒಂದು ದಿನ ಸೂರ್ಯ ನೆತ್ತಿಗೇ ಬಂದು ನೆರಳು ಕಾಲಡಿಗೆ ಸೇರಿಬಿಡುತ್ತದೆ. ಇಷ್ಟು ತಿಳಿದ ಮೇಲೆ ಕಚೇರಿಯ ಊಟದ ಬಿಡುವು ಸರಿಯಾಗಿ ಹೊಂದಿತು.

ಆದರೆ ಬಂಗು? ಇಲ್ಲಿಯೇ ಒಂದು ವಿಷಯ ತಡವಾಗಿ ಹೊಳೆದದ್ದು. ವಿಟಮಿನ್ ಮಾಡಲು ಮುಖವೇ ಬೇಕೆಂದಿಲ್ಲ. ಯಾವ ಚರ್ಮವಾದರೂ ನಡೆಯುತ್ತದೆ, ಕೈಕಾಲುಗಳ ವಿಸ್ತಾರದ ಮುಂದೆ ಮುಖ ಎಷ್ಟರದು? ಮುಖವನ್ನು ಚರ್ಮದ ಡಾಕ್ಟರಿಗೆ, ಕೈಕಾಲನ್ನು ಮೂಳೆ ಡಾಕ್ಟರಿಗೆ ಹಂಚಿಕೊಟ್ಟೆ. ಇಬ್ಬರಿಗೂ ಹೇಳಿದೆ, ಇಬ್ಬರೂ ಒಪ್ಪಿದರು.

ಮುಖ, ಕತ್ತಿಗೆ ಬೆಳಿಗ್ಗೆ ಸನ್‌ಸ್ಕ್ರೀನ್, ಎರಡು ಬೆರಳುದ್ದಕ್ಕೆ ಹಿಂಡಿದಷ್ಟು. ಮೊದಲು ನಾನು ಕಡಲೆಕಾಳಿನಷ್ಟು ಹಚ್ಚಿ ಎಸ್‌ಪಿಎಫ್ 50 ಎಂದು ನಂಬಿದ್ದೆ. ಅಷ್ಟು ತೆಳುವಾಗಿ ಹಚ್ಚಿದರೆ ಡಬ್ಬಿಯ ಮೇಲಿನ ಸಂಖ್ಯೆಗೆ ಅರ್ಥವಿಲ್ಲ. ಬಂಗಿಗೆ ಕಣ್ಣಿಗೆ ಕಾಣುವ ಬೆಳಕೂ ಶತ್ರುವಾದ್ದರಿಂದ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ್ದನ್ನೇ ಬರೆದುಕೊಟ್ಟರು. ಮಧ್ಯಾಹ್ನ ಒಂದಕ್ಕೆ ಊಟದ ಡಬ್ಬಾ ಮುಗಿಸಿ, ತೋಳಿಲ್ಲದ ಕುರ್ತಾದ ಮೇಲಿನ ಜಾಕೀಟು ತೆಗೆದು, ಸಲವಾರಿನ ಬದಲು ಮೊಣಕಾಲ ಕೆಳಗಿನ ಪ್ಯಾಂಟು, ಕೊಡೆ ಹಿಡಿದು ಮರೀನ್ ಡ್ರೈವ್. ಕೊಡೆಯನ್ನು ಮುಂದಕ್ಕೆ ಬಾಗಿಸಿ ನೆರಳು ಮುಖದ ಮೇಲಷ್ಟೇ ಬೀಳುವಂತೆ ಹಿಡಿಯುವುದು ಒಂದು ವಿದ್ಯೆ. ಕಡಲ ಕಡೆಯಿಂದ ಬೆಳಕು ಪ್ರತಿಫಲಿಸಿ ಕೊಡೆಯ ಕೆಳಗೂ ನುಗ್ಗುತ್ತದೆ, ಅದಕ್ಕೆ ಕಪ್ಪು ಕನ್ನಡಕ. ಅತ್ತೆಯ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ನೇರಳಾತೀತ ಕಿರಣ ಪೊರೆಗೂ ಒಂದು ಕಾರಣವೆಂದು ತಿಳಿದ ಮೇಲೆ ಕನ್ನಡಕದಲ್ಲಿ ಜಿಪುಣತನ ಮಾಡಲಿಲ್ಲ. ಕಟ್ಟಡದ ವಾಚ್‌ಮನ್ ಮೊದಲ ವಾರ ಪೂರ್ತಿ "ಮೇಡಂ, ತಬಿಯತ್ ಠೀಕ್ ಹೈ?" ಎಂದು ಕೇಳಿದ.

ಎಷ್ಟು ಹೊತ್ತು ಅನ್ನುವುದು ಕಷ್ಟದ ಪ್ರಶ್ನೆ. ಚರ್ಮ ಕೆಂಪಾಗುವ ಮೊದಲೇ ಹಿಂದಿರುಗಿ ಎಂದು ಎಲ್ಲೆಡೆ ಬರೆದಿರುತ್ತದೆ. ನಮ್ಮ ಬಣ್ಣದಲ್ಲಿ ಕೆಂಪು ಕಾಣುವುದೆಲ್ಲಿ? ಚುರುಚುರು ಅನ್ನತೊಡಗಿದರೆ ಆಗಲೇ ಹೆಚ್ಚಾಯಿತೆಂದೇ ಅರ್ಥ. ಮೆಲನಿನ್ ಹೆಚ್ಚಿರುವ ಚರ್ಮ ಯುವಿಬಿಯನ್ನು ತಡೆಯುವುದರಿಂದ ನಮಗೆ ಬಿಳಿಯರಿಗಿಂತ ಹೆಚ್ಚು ಹೊತ್ತು ಬೇಕು, ಅದೇ ಮೆಲನಿನ್ನಿನಿಂದಾಗಿ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ. ಕಡಿಮೆ ಅಂದರೆ ಇಲ್ಲವೆಂದಲ್ಲ. ಬಿಸಿಲನ್ನು 1992ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ. ನನ್ನ ಗೋಧಿಬಣ್ಣಕ್ಕೆ ನಾನು ಕಟ್ಟಿಕೊಂಡ ಲೆಕ್ಕ ಹೀಗೆ: ಡಿಸೆಂಬರ್, ಜನವರಿಯಲ್ಲಿ 20-25 ನಿಮಿಷ, ಮಾರ್ಚಿನಲ್ಲಿ 15. ಏಪ್ರಿಲ್, ಮೇನಲ್ಲಿ ನಡುಹಗಲಿನ ಯುವಿ ಸೂಚ್ಯಂಕ 11 ದಾಟುತ್ತದೆ, ಅದು ಅಪಾಯದ ಕಟ್ಟಕಡೆಯ ಮಟ್ಟ. ಅದರ ಜತೆಗೆ ಸೆಖೆಯಲ್ಲಿ ತಲೆ ಸುತ್ತಿ ಒಮ್ಮೆ ಕಟ್ಟೆಯ ಮೇಲೆ ಕೂತುಬಿಟ್ಟಿದ್ದೆ. ಈಗ ಆ ಎರಡು ತಿಂಗಳು ಮಧ್ಯಾಹ್ನ ಹೊರಗೇ ಹೋಗುವುದಿಲ್ಲ. ಬೆಳಿಗ್ಗೆ ಸರ್ಕಾರದ ಸಚಿವಾಲಯವಾದ ಮಂತ್ರಾಲಯದ ಹತ್ತಿರ ಬಸ್ಸಿಳಿದು ಒಂಬತ್ತೂವರೆಯ ಬಿಸಿಲಲ್ಲಿ ಹತ್ತು ನಿಮಿಷ ನಡೆಯುತ್ತೇನೆ. ವಾರಕ್ಕೆ ನಾಲ್ಕು ದಿನ ಆದರೆ ಸೈ.

ಕಪ್ಪಾದೆನೆ? ಕೈ ಎರಡು ಛಾಯೆ ಕಪ್ಪಾಗಿದೆ. ಊರಿಗೆ ಹೋದಾಗ ಚಿಕ್ಕಮ್ಮ "ಇದೆಂಥ ಗತಿಯೇ ನಿಂದು" ಎಂದು ಮರುಗಿದರು. ಮೊಣಕಾಲು ಮಡಚಿ ನೆಲದಲ್ಲಿ ಕೂತು ಎದ್ದು ತೋರಿಸಿದೆ.

ಪೊಟ್ಟಣ ಮುಗಿಸಿದ ಮೇಲೆ ಡಿಸೆಂಬರಿನಲ್ಲಿ ವಿಟಮಿನ್ ಡಿ 36 ಇತ್ತು. ಡಾಕ್ಟರನ್ನು ಕೇಳಿ, ಜನವರಿಯಿಂದ ಮೇ ತನಕ ಪೊಟ್ಟಣ ನಿಲ್ಲಿಸಿ ಬರೀ ಬಿಸಿಲಲ್ಲಿ ಕಳೆದೆ. ಜೂನ್ ಮೊದಲ ವಾರ ನೋಡಿದರೆ 29. ಏರಲಿಲ್ಲ, ಆದರೆ ಪಾತಾಳಕ್ಕೂ ಇಳಿಯಲಿಲ್ಲ. ಮಳೆಗಾಲದಲ್ಲಿ ಮುಂಬಯಿಯ ಆಕಾಶವನ್ನು ನೆಚ್ಚಿಕೊಳ್ಳುವಂತಿಲ್ಲ, ಆಗ ತಿಂಗಳಿಗೊಂದು ಪೊಟ್ಟಣ. ಹೆಚ್ಚು ತೆಗೆದುಕೊಂಡರೆ ಏನಾಯಿತು ಎನ್ನುವವರಿಗೆ ನಮ್ಮ ಸೊಸೈಟಿಯ ಹಿರಿಯರೊಬ್ಬರ ಕಥೆ ಹೇಳುತ್ತೇನೆ. ವಾರಕ್ಕೊಂದು ಎಂದದ್ದನ್ನು ದಿನಕ್ಕೊಂದು ಎಂದುಕೊಂಡು ಎರಡು ತಿಂಗಳು ಕುಡಿದು, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ ಹಿಡಿದು ಆಸ್ಪತ್ರೆ ಸೇರಿದರು. ಬಿಸಿಲಿನಲ್ಲಿ ಆ ಭಯ ಇಲ್ಲ. ಸಾಕಷ್ಟು ಆದ ಮೇಲೆ ಚರ್ಮವೇ ಹೆಚ್ಚಿನದನ್ನು ಕೆಲಸಕ್ಕೆ ಬಾರದ ವಸ್ತುವಾಗಿ ಒಡೆದುಹಾಕುತ್ತದೆ. ಆಮೇಲೆ ನಿಂತ ಹೊತ್ತೆಲ್ಲ ಬರೀ ನಷ್ಟದ ಖಾತೆಗೆ.

ಬಂಗು ಪೂರ್ತಿ ಹೋಗಿಲ್ಲ, ಎರಡೂ ಕೆನ್ನೆ ಒಬ್ಬಳದೇ ಅನ್ನಿಸುವಷ್ಟು ತಿಳಿಯಾಗಿದೆ. ಕಚೇರಿಯ ಮೇಜನ್ನು ಒಳಗೋಡೆಯ ಕಡೆಗೆ ಬದಲಿಸಿಕೊಂಡೆ.

ಭಾನುವಾರದ ಬಿಸಿಲು ಈಗ ಗಚ್ಚಿಯ ಮೇಲೆ, ಹನ್ನೊಂದರ ನಂತರ. ಮಾರ್ಚಿನಲ್ಲಿ ಅತ್ತೆ ಅಲ್ಲಿ ಹಳೆ ಸೀರೆ ಹಾಸಿ ಹಪ್ಪಳ ಹರಡುತ್ತಾರೆ, ನಾನು ಕೊಡೆ ಹಿಡಿದು ಕೈ ಚಾಚಿ ಪಕ್ಕದಲ್ಲಿ ನಿಲ್ಲುತ್ತೇನೆ. ಮೊನ್ನೆ ನೆರಳು ಎಷ್ಟು ಗಿಡ್ಡವಾಯಿತೆಂದು ಹೆಜ್ಜೆಯಿಟ್ಟು ಅಳೆಯುತ್ತಿದ್ದೆ. ಅತ್ತೆ ತಲೆಯೆತ್ತದೆ ಅಂದರು, "ನಿನ್ನ ನೆರಳು ಎಷ್ಟುದ್ದವಾದರೂ ಇರಲಿ ಮಾರಾಯ್ತಿ, ಹಪ್ಪಳದ ಮೇಲೆ ಬೀಳ್ತಾ ಉಂಟು. ಆಚೆ ಸರಿ."