ಹೊಸ ಬೀದಿಗಿಂತ ಮೊದಲು ಹಳೆ ಬೀದಿ: ನೈಸರ್ಗಿಕ ಅನಿಲ ಸಂಸ್ಥೆ ಗ್ರಾಹಕರನ್ನು ಹೆಚ್ಚಿಸಿಕೊಳ್ಳುವ ಕ್ರಮ

ಅನಿಲ ವಿತರಣೆಯಲ್ಲಿ ದುಡ್ಡಿನ ದೊಡ್ಡ ಪಾಲು ಮಣ್ಣಿನಡಿ ಹೋಗುತ್ತದೆ. ಒಂದು ಬೀದಿಯ ಮುಖ್ಯ ಕೊಳವೆಗೆ ಹತ್ತು ಮನೆ ಸೇರಿದರೂ, ನೂರು ಮನೆ ಸೇರಿದರೂ ಅಗೆತದ ಖರ್ಚು ಹೆಚ್ಚುಕಡಿಮೆ ಒಂದೇ. ಆದ್ದರಿಂದ ಬೆಳವಣಿಗೆಯನ್ನು ಕೊಳವೆಯ ಕಿಲೋಮೀಟರಿನಲ್ಲಾಗಲಿ, ಬಂದ ಅರ್ಜಿಗಳ ಸಂಖ್ಯೆಯಲ್ಲಾಗಲಿ ಅಳೆಯಬೇಡಿ. ಈ ತಿಂಗಳು ಎಷ್ಟು ಮೀಟರ್ ತಿರುಗಿತು ಅನ್ನುವುದೊಂದೇ ಲೆಕ್ಕ.

ಕೊಳವೆ ಈಗಾಗಲೇ ಹಾದುಹೋಗಿರುವ ಬೀದಿಗಳಿಂದ ಶುರುಮಾಡಿ. ಪ್ರತಿ ಮನೆಯನ್ನೂ ನಾಲ್ಕರಲ್ಲಿ ಒಂದು ಗುಂಪಿಗೆ ಸೇರಿಸಿ: ಅನಿಲ ಬಳಸುತ್ತಿರುವವರು, ಒಳಗಿನ ಕೊಳವೆ ಮುಗಿದರೂ ಒಲೆ ಹೊತ್ತದವರು, ಅರ್ಜಿ ಕೊಟ್ಟು ಕಾಯುತ್ತಿರುವವರು, ಇನ್ನೂ ಯಾರೂ ಕೇಳದವರು. ಎರಡನೆಯ ಗುಂಪು ಹಲವು ಕಡೆ ನಿರ್ಲಕ್ಷ್ಯಕ್ಕೆ ಒಳಗಾಗುತ್ತದೆ. ಅಲ್ಲಿ ಖರ್ಚೆಲ್ಲ ಆಗಿಹೋಗಿದೆ, ಆದಾಯ ಮಾತ್ರ ಸೊನ್ನೆ. ಕಾರಣಗಳು ಚಿಕ್ಕವು: ಬಾಡಿಗೆದಾರ ಬದಲಾದ, ಒಲೆ ಇರುವ ಜಾಗ ಬದಲಾಯಿತು, ಬರ್ನರಿನ ಜೆಟ್ (ಅನಿಲ ಹೊರಬರುವ ಸಣ್ಣ ರಂಧ್ರದ ಬಿಡಿಭಾಗ) ಬದಲಿಸಲು ಯಾರೂ ಬರಲಿಲ್ಲ. ಜೆಟ್ ಕಿಟ್, ಹೋಸ್, ಒತ್ತಡ ಅಳೆಯುವ ಮಾನೋಮೀಟರ್ ಹಿಡಿದ ತಂತ್ರಜ್ಞನೊಬ್ಬನನ್ನು ಈ ಪಟ್ಟಿಗೆಂದೇ ಮೀಸಲಿಡಿ. ಹೊಸ ಬೀದಿ ಅಗೆಯುವುದಕ್ಕಿಂತ ಇದು ಎಷ್ಟೋ ಅಗ್ಗ.

ಹೊಸ ಬಡಾವಣೆಗೆ ಹೋಗುವಾಗ ಅಲ್ಲಿರುವ ಒಟ್ಟು ಮನೆಗಳನ್ನು ನಂಬಿ ಲೆಕ್ಕ ಹಾಕಬೇಡಿ. ಮೊದಲ ವರ್ಷ ನಿಜಕ್ಕೂ ಸೇರುವವರ ಬಳಕೆಯಿಂದ ಬಂಡವಾಳ ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ ನೋಡಿ. ಬೇಕರಿ, ಹೋಟೆಲ್, ಲಾಂಡ್ರಿ, ಬಾಯ್ಲರ್ ಇರುವ ಕಾರ್ಖಾನೆ ದಾರಿಯಲ್ಲಿ ಸಿಕ್ಕರೆ ಮಾರ್ಗವನ್ನು ಅತ್ತ ತಿರುಗಿಸಿ. ಮನೆಗಳ ಬಳಕೆ ಬೆಳಿಗ್ಗೆ ಮತ್ತು ಸಂಜೆ ಏರಿ ಇಳಿಯುತ್ತದೆ, ಇವುಗಳದ್ದು ದಿನವಿಡೀ ಇರುತ್ತದೆ. ರಸ್ತೆಗೆ ಡಾಂಬರು ಬೀಳುವ ಮುಂಚೆಯೇ ಕೊಳವೆ ಬೀಳಲಿ.

ಕೊಳವೆಯ ವ್ಯಾಸದಲ್ಲಿ ಜಿಪುಣತನ ಬೇಡ. ಹರಿವು ಎರಡು ಪಟ್ಟಾದರೆ ಒತ್ತಡದ ನಷ್ಟ ಸುಮಾರು ನಾಲ್ಕು ಪಟ್ಟಾಗುತ್ತದೆ. ಅದೇ ಹರಿವಿಗೆ 63 ಮಿಮೀ ಬದಲು 90 ಮಿಮೀ ಪಾಲಿಎಥಿಲೀನ್ ಕೊಳವೆ ಹಾಕಿದರೆ ನಷ್ಟ ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಗೆತದ ಖರ್ಚಿನ ಮುಂದೆ ಕೊಳವೆಯ ಬೆಲೆಯ ವ್ಯತ್ಯಾಸ ಚಿಕ್ಕದು. ಗ್ರಾಹಕರು ಹೆಚ್ಚಿದಂತೆ ಜಾಲದ ಕಟ್ಟಕಡೆಯ ಮನೆಯಲ್ಲಿ, ಬಳಕೆ ಅತಿ ಹೆಚ್ಚಿರುವ ಗಂಟೆಯಲ್ಲಿ, ಒತ್ತಡ ದಾಖಲಿಸುತ್ತಾ ಬನ್ನಿ. ಜ್ವಾಲೆ ಮೊದಲು ಸೊರಗುವುದು ಅಲ್ಲೇ.

ಎಲೆಕ್ಟ್ರೋಫ್ಯೂಷನ್ ಜೋಡಣೆಯ ಬಗ್ಗೆ, ಅಂದರೆ ಒಳಗೆ ತಂತಿಯಿರುವ ಫಿಟಿಂಗನ್ನು ವಿದ್ಯುತ್ತಿನಿಂದ ಬಿಸಿಮಾಡಿ ಪ್ಲಾಸ್ಟಿಕ್ ಕೊಳವೆಗೆ ಬೆಸೆಯುವುದರ ಬಗ್ಗೆ, ಎಷ್ಟು ಹೇಳಿದರೂ ಕಡಿಮೆ. ಕೊಳವೆಯ ಮೇಲ್ಮೈ ಬಿಸಿಲು ಗಾಳಿಗೆ ಆಕ್ಸಿಡೀಕರಣಗೊಂಡಿರುತ್ತದೆ. ಆ ಪದರ ಸುಮಾರು 0.2 ಮಿಮೀನಷ್ಟು ಸುತ್ತಲೂ ಸಮನಾಗಿ ಕೆರೆದು ಹೋಗಬೇಕು. ಅದಕ್ಕೆ ಯಾಂತ್ರಿಕ ಸ್ಕ್ರೇಪರ್ ಬಳಸಿ, ಮರಳು ಕಾಗದ ಬೇಡ. ಕೆರೆಯುವ ಮುನ್ನ ಮಾರ್ಕರಿನಿಂದ ಗೀಟು ಹಾಕಿ, ಒಂದು ಗೀಟೂ ಉಳಿಯದಂತೆ ಕೆರೆಯಿರಿ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದ ಮೇಲೆ ಬೆರಳು ತಾಗಿಸಬಾರದು. ಫಿಟಿಂಗ್ ಮೇಲೆ ನಮೂದಿಸಿದ ತಣಿಯುವ ಅವಧಿ ಮುಗಿಯುವ ತನಕ ಕ್ಲಾಂಪ್ ಬಿಚ್ಚಬಾರದು. ಫಿಟಿಂಗಿನ ಸೂಚಕ ಪಿನ್ ಮೇಲೆ ಬಂದಿತೆಂದು ಜೋಡಣೆ ಗಟ್ಟಿಯಾಗಿದೆ ಎಂದುಕೊಳ್ಳಬೇಡಿ. ಪ್ಲಾಸ್ಟಿಕ್ ಕರಗಿದೆ ಅನ್ನುವುದಷ್ಟೇ ಅದರ ಸಾಕ್ಷಿ. ಕೆರೆಯದೆ ಬೆಸೆದ ಜೋಡಣೆ ಒತ್ತಡ ಪರೀಕ್ಷೆಯಲ್ಲಿ ಪಾಸಾಗಿ, ವರ್ಷಗಳ ನಂತರ ಬಿಟ್ಟುಕೊಳ್ಳಬಹುದು.

ಮನೆಗೆ ಮೀಟರ್ ಆರಿಸುವಾಗ ಉಪಕರಣಗಳನ್ನು ಕೂಡಿ ನೋಡಿ. 10 ಕಿಲೋವ್ಯಾಟ್ ಒಲೆಗೆ ಗಂಟೆಗೆ ಸುಮಾರು 1 ಘನ ಮೀಟರ್, 24 ಕಿಲೋವ್ಯಾಟ್ ಗೀಸರಿಗೆ ಸುಮಾರು 2.4 ಘನ ಮೀಟರ್ ಅನಿಲ ಬೇಕು. ಜಿ1.6 ಗಾತ್ರದ ಮೀಟರಿನ ಮಿತಿ ಗಂಟೆಗೆ 2.5 ಘನ ಮೀಟರ್, ಎರಡೂ ಇರುವ ಮನೆಗೆ ಅದು ಸಾಲದು, ಅದಕ್ಕಿಂತ ದೊಡ್ಡ ಜಿ4 ಹಾಕಿ. ಎಲ್‌ಪಿಜಿ ಒಲೆಯಾದರೆ ಜೆಟ್ ಬದಲಿಸಲೇಬೇಕು. ಅದೇ ಗಾತ್ರದ ನೈಸರ್ಗಿಕ ಅನಿಲದಲ್ಲಿ ಶಕ್ತಿ ಕಡಿಮೆ ಇರುವುದರಿಂದ ರಂಧ್ರ ದೊಡ್ಡದಿರಬೇಕು. ಹಳೆ ಜೆಟ್ ಬಿಟ್ಟರೆ ಜ್ವಾಲೆ ಸಪ್ಪೆ, ಗ್ರಾಹಕರು ಅನಿಲವೇ ಸರಿಯಿಲ್ಲ ಅನ್ನುತ್ತಾರೆ. ಕೊನೆಗೆ ಸೋರಿಕೆ ಪರೀಕ್ಷೆ ಮಾಡಿ, ಕೊಳವೆಯೊಳಗಿನ ಗಾಳಿಯನ್ನು ಸುರಕ್ಷಿತವಾಗಿ ಹೊರಹಾಕಿ, ಮನೆಯವರ ಎದುರಿಗೇ ಒಲೆ ಹೊತ್ತಿಸಿ, ವಾಲ್ವ್ ಮುಚ್ಚುವುದನ್ನು ಅವರ ಕೈಯಲ್ಲೇ ಮಾಡಿಸಿ.

ಗ್ರಾಹಕರು ಮುನಿಸಿಕೊಳ್ಳುವುದು ಹೆಚ್ಚಾಗಿ ಬಿಲ್ಲಿನಲ್ಲಿ. ಮೀಟರ್ ನೋಡದೆ ಹಲವು ತಿಂಗಳು ಅಂದಾಜು ಬಿಲ್ ಕಳಿಸಿ, ಆಮೇಲೆ ಬಾಕಿಯನ್ನೆಲ್ಲ ಒಟ್ಟಿಗೆ ಕೇಳಿದರೆ ಯಾರಿಗೂ ಒಪ್ಪಿಗೆಯಾಗದು. ಒಂದು ಅಂದಾಜು ಬಿಲ್ಲಿನ ಬೆನ್ನಿಗೇ ಮೀಟರ್ ಓದು ಆಗಲಿ. ಬೀಗ ಹಾಕಿದ ಮನೆಯಾದರೆ ಮೀಟರಿನ ಫೋಟೊ ತರಿಸಿಕೊಳ್ಳಿ.

ಸೋರಿಕೆ ಕರೆಗೆ ಹಗಲೂ ರಾತ್ರಿ ಮನುಷ್ಯರೇ ಉತ್ತರಿಸಲಿ. ನೈಸರ್ಗಿಕ ಅನಿಲದ ಮುಖ್ಯ ಅಂಶವಾದ ಮೀಥೇನ್ ಗಾಳಿಯಲ್ಲಿ 5ರಿಂದ 15 ಶೇಕಡಾ ಬೆರೆತರೆ ಸ್ಫೋಟಿಸಬಲ್ಲದು. ಶೇ. 1 ಇರುವಾಗಲೇ ಮೂಗಿಗೆ ಬಡಿಯಲೆಂದು ಮರ್ಕ್ಯಾಪ್ಟನ್ ಎಂಬ ಕಟು ವಾಸನೆಯ ರಾಸಾಯನಿಕ ಬೆರೆಸುತ್ತಾರೆ. ವಾಸನೆಯ ಮಟ್ಟವನ್ನು ಜಾಲದ ತುದಿಯಲ್ಲೂ ಪರೀಕ್ಷಿಸಿ. ಫೋನಿನಲ್ಲಿ ಮೊದಲು ಹೇಳಬೇಕಾದದ್ದು: ಸ್ವಿಚ್ ಮುಟ್ಟಬೇಡಿ, ಬೆಂಕಿ ಬೇಡ, ಎಲ್ಲರೂ ಹೊರಗೆ ಬನ್ನಿ, ಬರುತ್ತಾ ಕೈಗೆಟುಕಿದರೆ ವಾಲ್ವ್ ಮುಚ್ಚಿ, ಬಾಗಿಲು ತೆರೆದಿಡಿ. ವಿಳಾಸ ಕೇಳುವುದು ಹೊರಗೆ ಬಂದ ಮೇಲೆ. ಗ್ರಾಹಕ ಸಂಖ್ಯೆ ಕೇಳುತ್ತಾ ಕೂರಬೇಡಿ.

ಬೇರೆಯವರ ಅಗೆತದಿಂದಲೂ ಕೊಳವೆ ತುಂಡಾಗುತ್ತದೆ. ಕೊಳವೆಗಿಂತ ಸುಮಾರು 30 ಸೆಂಮೀ ಮೇಲೆ ಎಚ್ಚರಿಕೆ ಪಟ್ಟಿ ಹಾಸಿ, ಜೊತೆಗೆ ಪತ್ತೆ ತಂತಿ ಎಳೆಯಿರಿ. ನೆಲದಡಿಯ ಪ್ಲಾಸ್ಟಿಕ್ ಕೊಳವೆಯನ್ನು ಲೋಕೇಟರ್ ಉಪಕರಣ ಹುಡುಕುವುದು ಆ ತಂತಿಯಿಂದಲೇ. ನೀರು, ಚರಂಡಿ, ಕೇಬಲ್ ಕೆಲಸದವರಿಗೆ ನಕ್ಷೆ ಕೊಟ್ಟು, ಅವರು ಗುದ್ದಲಿ ಹಾಕುವ ದಿನ ನಿಮ್ಮವರೊಬ್ಬರು ಗುಂಡಿಯ ಪಕ್ಕದಲ್ಲೇ ನಿಂತಿರಲಿ.