ಮಾತ್ರೆ ಡಬ್ಬ ಸುರಿದು ನೋಡಿ: ಯಾವ ಆ್ಯಂಟಿಬಯೋಟಿಕ್ ಎಲ್ಲಿ ಹೊಡೆಯುತ್ತದೆ?

‘ಆಂಟಿ, ಗಂಟಲು ಕೆರೀತಿದೆ. ನಿಮ್ಮನೇಲಿ 625 ಇದ್ರೆ ಒಂದು ಕೊಡ್ತೀರಾ?’ ಮೇಲಿನ ಮನೆಯ ಹುಡುಗ ಮೊನ್ನೆ ಬಾಗಿಲು ತಟ್ಟಿದ. 625 ಅಂದರೆ ಒಂದು ಆ್ಯಂಟಿಬಯೋಟಿಕ್, ಬ್ಯಾಕ್ಟೀರಿಯಾ ಹೊಡೆಯುವ ಮಾತ್ರೆ. ಬೆಂಗಳೂರಿನ ವಠಾರಗಳಲ್ಲಿ ಅದನ್ನು ಕೇಳುವುದು ಮೊಸರಿಗೆ ಹೆಪ್ಪು ಕೇಳಿದಷ್ಟೇ ಸಲೀಸು. ಅದು ಹೊಟ್ಟೆಗೆ ಹೋಗಿ ಏನು ಮಾಡುತ್ತಪ್ಪ ಅಂದೆ. ‘ಇನ್‌ಫೆಕ್ಷನ್ ಹೋಗತ್ತೆ’ ಅಂದ. ಒಳಗೆ ಕೂರಿಸಿ ಅವನಿಗೆ ತೋರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಫ್ರಿಜ್ ಮೇಲೊಂದು ಮಾತ್ರೆ ಡಬ್ಬ ಇರುತ್ತದಲ್ವಾ? ತಂದು ಮೇಜಿನ ಮೇಲೆ ಸುರಿಯಿರಿ.

ಮೊದಲು ಕೆಂಪು ಗೆರೆ ಹುಡುಕಿ. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ್ ಚೀಟಿ ಇಲ್ಲದೆ ಕೊಳ್ಳಬಾರದ ಔಷಧಿ. ಅವೆಲ್ಲ ಆ್ಯಂಟಿಬಯೋಟಿಕ್ ಅಲ್ಲ, ಆದರೆ ನಮಗೆ ಬೇಕಾದ್ದು ಆ ಗುಂಪಿನಲ್ಲಿರುತ್ತದೆ. ಡೋಲೋ 650 ಪಕ್ಕಕ್ಕಿಡಿ. ನಮ್ಮೂರಿನ ಕಂಪನಿಯದ್ದೇ ಆದರೂ ಅದು ಬರೀ ಪ್ಯಾರಾಸಿಟಮಾಲ್. ಜ್ವರ ಇಳಿಸುತ್ತದೆ, ಬ್ಯಾಕ್ಟೀರಿಯಾ ತಂಟೆಗೆ ಹೋಗುವುದಿಲ್ಲ.

ಎರಡನೆಯದು, ದಪ್ಪ ಅಕ್ಷರದ ಬ್ರ್ಯಾಂಡ್ ಹೆಸರು ಮರೆತುಬಿಡಿ. ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಕನ್ನಡಕ ಬೇಕಾಗಬಹುದು. ಆ ಹೆಸರಿನ ತಲೆ ಅಥವಾ ಬಾಲ ನೋಡಿ ಗುಡ್ಡೆ ಹಾಕುತ್ತಾ ಹೋಗಿ.

‘ಸಿಲಿನ್’ ಅಂತ ಮುಗಿಯುವುದು, ‘ಸೆಫ್’ ಅಂತ ಶುರುವಾಗುವುದು ಒಂದು ಗುಡ್ಡೆ. ಅಮಾಕ್ಸಿಸಿಲಿನ್, ಸೆಫಿಕ್ಸಿಮ್ ಇಲ್ಲಿಗೆ. ಇವು ಹೊಡೆಯುವುದು ಬ್ಯಾಕ್ಟೀರಿಯಾದ ಗೋಡೆಗೆ. ಸೈಕಲ್ ಚಕ್ರ ನೆನಪಿಸಿಕೊಳ್ಳಿ. ಒಳಗೆ ಉಬ್ಬಿದ ಟ್ಯೂಬ್, ಅದನ್ನು ಬಿಗಿಯಾಗಿ ಹಿಡಿದಿರುವ ಟೈರ್. ಬ್ಯಾಕ್ಟೀರಿಯಾದ ಒಳಗೂ ಅಂಥದ್ದೇ ಒತ್ತಡ ಇರುತ್ತದೆ. ಅದು ಬೆಳೆಯುವಾಗ ಟೈರನ್ನು ಅಲ್ಲಲ್ಲಿ ಬಿಚ್ಚಿ, ಹೊಸ ತುಂಡು ಸೇರಿಸಿ ಹೊಲಿಯಬೇಕು. ಹೊಲಿಯುವ ಕಿಣ್ವದ (ಎನ್‌ಜೈಮ್) ಕೈಯನ್ನು ಅಮಾಕ್ಸಿಸಿಲಿನ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬಿಚ್ಚುವ ಕೆಲಸ ಮಾತ್ರ ನಡೆದೇ ಇರುತ್ತದೆ. ಕೊನೆಗೆ ಟ್ಯೂಬ್ ಹೊರಗೆ ಉಬ್ಬಿ ಢಬ್ ಅನ್ನುತ್ತದೆ. ನಮ್ಮ ಜೀವಕೋಶಗಳಿಗೆ ಟೈರೇ ಇಲ್ಲ. ಅದಕ್ಕೇ ಪೆನಿಸಿಲಿನ್ ಜಾತಿಯ ಔಷಧಿ ಅಲರ್ಜಿ ಇಲ್ಲದವರಿಗೆ ಅಷ್ಟು ಒಗ್ಗುತ್ತದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟಿನಲ್ಲಿ ಕಂಡದ್ದು ಇದರ ಮೂಲವನ್ನೇ.

ಹಾಗಾದರೆ 625? 500 ಮಿಲಿಗ್ರಾಂ ಅಮಾಕ್ಸಿಸಿಲಿನ್, 125 ಕ್ಲಾವುಲಾನಿಕ್ ಆಮ್ಲ. ಕೆಲವು ಬ್ಯಾಕ್ಟೀರಿಯಾ ಅಮಾಕ್ಸಿಸಿಲಿನ್ನನ್ನೇ ಕತ್ತರಿಸುವ ಕಿಣ್ವ ತಯಾರಿಸಿಕೊಂಡಿವೆ. ಕ್ಲಾವುಲಾನಿಕ್ ಆಮ್ಲ ಆ ಕತ್ತರಿಗೆ ತಾನೇ ಸಿಕ್ಕಿಕೊಂಡು ಅದು ಆಡದ ಹಾಗೆ ಮಾಡುತ್ತದೆ. ಜೊತೆಗಾರನಿಗೆ ದಾರಿ ಸಲೀಸು. ನನ್ನ ಮಟ್ಟಿಗೆ ಡಬ್ಬದಲ್ಲಿರುವ ಅತಿ ಜಾಣ ಉಪಾಯ ಇದೇ.

‘ಮೈಸಿನ್’, ‘ಸೈಕ್ಲಿನ್’ ಎರಡನೇ ಗುಡ್ಡೆ. ಬ್ಯಾಕ್ಟೀರಿಯಾ ತನಗೆ ಬೇಕಾದ ಪ್ರೋಟೀನನ್ನು ರೈಬೋಸೋಮ್ ಎಂಬ ಒರಳಿನಲ್ಲಿ ಶಾವಿಗೆ ಥರ ಒತ್ತಿ ತೆಗೆಯುತ್ತದೆ. ಅಜಿತ್ರೊಮೈಸಿನ್ ಶಾವಿಗೆ ಹೊರಬರುವ ತೂತಿನಲ್ಲೇ ಕೂರುತ್ತದೆ. ಡಾಕ್ಸಿಸೈಕ್ಲಿನ್ ಹಿಟ್ಟು ಒಳಗೆ ಹಾಕಲು ಬಿಡುವುದಿಲ್ಲ. ಇವೆರಡೂ ಸಾಮಾನ್ಯವಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಬೆಳೆಯದ ಹಾಗೆ ತಡೆಯುತ್ತವೆ. ಮುಗಿಸುವ ಕೆಲಸ ನಮ್ಮ ಬಿಳಿ ರಕ್ತಕಣಗಳದ್ದು. ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಹಾಗಲ್ಲ. ಅದು ಒರಳಿನ ಲೆಕ್ಕವನ್ನೇ ತಪ್ಪಿಸುತ್ತದೆ. ಕೆಟ್ಟ ಪ್ರೋಟೀನ್ ತುಂಬಿಕೊಂಡು ಬ್ಯಾಕ್ಟೀರಿಯಾ ಸಾಯುತ್ತದೆ. ಬಾಲವನ್ನು ಪೂರ್ತಿ ನಂಬಬೇಡಿ, ಆಸ್ಪತ್ರೆಯಲ್ಲಿ ಕೊಡುವ ವ್ಯಾಂಕೊಮೈಸಿನ್ ಟೈರ್ ಗುಡ್ಡೆಗೆ ಸೇರಿದ್ದು.

‘ಫ್ಲಾಕ್ಸಾಸಿನ್’ ಮೂರನೆಯದು. ಹೊಟ್ಟೆಯಲ್ಲಿರುವ ಇ.ಕೋಲೈ ಎಂಬ ಬ್ಯಾಕ್ಟೀರಿಯಾದ ಉದ್ದ ಸುಮಾರು ಮಿಲಿಮೀಟರಿನ 500ರಲ್ಲಿ ಒಂದು ಭಾಗ. ಅದರೊಳಗಿನ ಡಿಎನ್‌ಎ ದಾರ ಬಿಡಿಸಿದರೆ ಒಂದೂವರೆ ಮಿಲಿಮೀಟರ್! ಅಷ್ಟು ದಾರ ಸಿಕ್ಕಾಗದಂತೆ ನೋಡಿಕೊಳ್ಳಲು ಒಂದು ಕಿಣ್ವ ದಾರವನ್ನು ಕತ್ತರಿಸಿ, ಸಂದಿನಲ್ಲಿ ಇನ್ನೊಂದು ಎಳೆ ದಾಟಿಸಿ, ಮತ್ತೆ ಕೂಡಿಸುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಬಂದು ಕೂರುವುದು ಕತ್ತರಿಸಿದ ಮೇಲೆ, ಕೂಡಿಸುವ ಮುಂಚೆ. ತುಂಡಾದ ದಾರ ತುಂಡಾಗೇ ಉಳಿಯುತ್ತದೆ. ಬೆಂಗಳೂರಿನ ಬಗ್‌ವರ್ಕ್ಸ್ ಎಂಬ ಕಂಪನಿ ರೂಪಿಸುತ್ತಿರುವ ಹೊಸ ಔಷಧಿಯ ಗುರಿಯೂ ಈ ಜಾತಿಯ ಕಿಣ್ವಗಳೇ. ಅಂದಹಾಗೆ ಸಿಪ್ರೊ ಮಾತ್ರೆಯನ್ನು ಹಾಲು, ಮೊಸರಿನ ಜೊತೆ ನುಂಗಬಾರದು. ಕ್ಯಾಲ್ಸಿಯಂ ಅಂಟಿಕೊಂಡು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ.

ಉಳಿದದ್ದರಲ್ಲಿ ‘ಸಲ್ಫಾ’ ಇದ್ದರೆ ಅದು ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಫೋಲೇಟ್ ಎಂಬ ಬಿ ವಿಟಮಿನ್ನಿನ ತಯಾರಿಕೆ ತಡೆಯುತ್ತದೆ. ನಾವು ಫೋಲೇಟನ್ನು ಸೊಪ್ಪು ಕಾಳಿನಿಂದ ಪಡೆಯುತ್ತೇವೆ, ಬ್ಯಾಕ್ಟೀರಿಯಾ ತಾನೇ ಮಾಡಿಕೊಳ್ಳಬೇಕು.

ಇಷ್ಟಾದ ಮೇಲೆ ಹುಡುಗನ ಗಂಟಲಿಗೆ ಬಂದೆವು. ಗಂಟಲು ಕೆರೆತ, ನೆಗಡಿ ಹೆಚ್ಚಿನ ಸಲ ವೈರಸ್‌ನಿಂದ ಬರುತ್ತದೆ. ವೈರಸ್‌ಗೆ ಟೈರೂ ಇಲ್ಲ, ಸ್ವಂತ ಒರಳೂ ಇಲ್ಲ, ನಮ್ಮ ಒರಳನ್ನೇ ಬಳಸುತ್ತದೆ. 625 ಹೋಗಿ ಹೊಡೆಯುವುದಾದರೂ ಎಲ್ಲಿಗೆ? ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು, ಕಡಿಮೆಯಾಗದಿದ್ದರೆ ಡಾಕ್ಟರ್ ಹತ್ತಿರ ಹೋಗು ಅಂತ ಕಳಿಸಿದೆ.

ಕೊನೆಯ ಹೆಜ್ಜೆ ಲ್ಯಾಬ್ ರಿಪೋರ್ಟಿನದ್ದು. ಕಲ್ಚರ್ ಟೆಸ್ಟ್‌ನಲ್ಲಿ ನಿಮ್ಮದೇ ಬ್ಯಾಕ್ಟೀರಿಯಾವನ್ನು ಬೆಳೆಸಿ ಒಂದೊಂದು ಔಷಧಿಯ ಎದುರು ಬಿಟ್ಟು ನೋಡುತ್ತಾರೆ. ಎರಡು ಮೂರು ದಿನ ಹಿಡಿಯುತ್ತದೆ. ಹೆಸರಿನ ಮುಂದೆ ‘ಎಸ್’ ಇದ್ದರೆ ಔಷಧಿ ನಾಟುತ್ತದೆ, ‘ಆರ್’ ಇದ್ದರೆ ಇಲ್ಲ. ನಮ್ಮತ್ತೆಗೆ ಉರಿಮೂತ್ರ ಆಗಿದ್ದಾಗ ಬಂದ ರಿಪೋರ್ಟು ಡಬ್ಬದಲ್ಲೇ ಮಡಚಿಟ್ಟಿತ್ತು. ಸಿಪ್ರೊಫ್ಲಾಕ್ಸಾಸಿನ್ ಮುಂದೆ ‘ಆರ್’. ಅದರ ಕೆಳಗೇ ಹಿಂದಿನ ವರ್ಷ ಉಳಿಸಿಟ್ಟ ಆರು ಸಿಪ್ರೊ ಮಾತ್ರೆ, ರಬ್ಬರ್ ಬ್ಯಾಂಡ್ ಹಾಕಿ ಭದ್ರವಾಗಿದ್ದವು.