ಬಿಸಿ ಜಾಗದ ಕನೆಕ್ಟರ್‌ಗೆ ಸ್ಪ್ರಿಂಗ್ ಲೋಹ ಆರಿಸುವ ಬಗೆ

ಮಂಗಳೂರಿನ ಆಸುಪಾಸಿನ ಗೇರುಬೀಜ ಕಾರ್ಖಾನೆಯೊಂದರ ಬೋರ್ಮಾದಿಂದ (ತಿರುಳು ಒಣಗಿಸುವ ಬಿಸಿ ಕೋಣೆಯಿಂದ) ಬಿಚ್ಚಿ ತಂದ ಹೀಟರ್ ಸಾಕೆಟ್‌ನಲ್ಲಿ, ಪಿನ್ನನ್ನು ಸ್ಪ್ರಿಂಗ್‌ನಂತೆ ಒತ್ತಿ ಹಿಡಿಯುವ ಹಿತ್ತಾಳೆಯ ಎಸಳುಗಳು ಕಪ್ಪಿಟ್ಟು ಅಗಲಿಸಿಕೊಂಡಿದ್ದವು. ಪಿನ್ ಸಿಕ್ಕಿಸಿ ಬೋರಲು ಹಿಡಿದರೆ ಅದು ತನ್ನ ಭಾರಕ್ಕೇ ಜಾರಿ ಬೀಳುತ್ತಿತ್ತು. ಬಾಗಿಸಿ ಹಿಡಿದ ಲೋಹ ಬಹುಕಾಲ ಬಿಸಿಯಲ್ಲಿದ್ದರೆ, ಮುರಿಯದೆಯೇ ಒತ್ತುವ ಬಲವನ್ನು ಕಳೆದುಕೊಳ್ಳುತ್ತದೆ. ಬಲ ಕುಗ್ಗಿದಂತೆ ಪಿನ್ ತಾಗುವಲ್ಲಿ ರೋಧ ಏರುತ್ತದೆ, ರೋಧ ಏರಿದಂತೆ ಬಿಸಿ ಹೆಚ್ಚುತ್ತದೆ, ಆ ಬಿಸಿ ಉಳಿದ ಬಲವನ್ನೂ ತಿನ್ನುತ್ತದೆ.

ಆದ್ದರಿಂದ ಮೊದಲು ಸ್ಪ್ರಿಂಗ್‌ನ ನಿಜವಾದ ಉಷ್ಣತೆಯನ್ನು ಲೆಕ್ಕ ಹಾಕಬೇಕು. ಕೋಣೆ 70 ಡಿಗ್ರಿ ಸೆಲ್ಸಿಯಸ್ ಇದ್ದು, ಪೂರ್ಣ ಕರೆಂಟ್ ಹರಿದಾಗ ಕನೆಕ್ಟರ್ ಮತ್ತೆ 30 ಡಿಗ್ರಿ ಕಾದರೆ, ಲೋಹ ತಾಳಬೇಕಾದದ್ದು 100 ಡಿಗ್ರಿಯನ್ನು.

ಅನಂತರ ಲೋಹದ ಆಯ್ಕೆ. ಶುದ್ಧ ತಾಮ್ರದ ವಾಹಕತೆಯನ್ನು 100 ಎಂದಿಟ್ಟುಕೊಂಡರೆ, 30 ಭಾಗ ಸತುವಿರುವ ಹಿತ್ತಾಳೆಯದು ಸುಮಾರು 28. ಅಗ್ಗವಾದರೂ ಅದನ್ನು 75 ಡಿಗ್ರಿ ದಾಟುವ ಜಾಗಕ್ಕೆ ಹಾಕಬಾರದು. 5 ಭಾಗ ತವರವಿರುವ ಫಾಸ್ಫರ್ ಬ್ರಾಂಜ್‌ನ ವಾಹಕತೆ ಸುಮಾರು 15 ಮಾತ್ರವಾದರೂ ಅದು 100 ಡಿಗ್ರಿಯ ಆಸುಪಾಸಿನವರೆಗೆ ಬಿಗಿ ಉಳಿಸಿಕೊಳ್ಳುವುದರಿಂದ, ವಾಹಕತೆಯ ಅಂಕಿಯನ್ನಷ್ಟೇ ನೋಡಿ ಹಿತ್ತಾಳೆ ಕೊಳ್ಳುವುದು ತಪ್ಪು. ಸುಮಾರು 150 ಡಿಗ್ರಿಯವರೆಗಿನ ಕೆಲಸಕ್ಕೆ ನಿಕಲ್ ಮತ್ತು ಸಿಲಿಕಾನ್ ಬೆರೆತ ತಾಮ್ರವೇ ನನ್ನ ಮೊದಲ ಆಯ್ಕೆ. ಅದರ ವಾಹಕತೆ 40ರ ಮೇಲಿರುವುದರಿಂದ ಸ್ಪ್ರಿಂಗ್ ತಾನಾಗಿ ಕಾಯುವುದೂ ಕಡಿಮೆ. ಬೆರಿಲಿಯಂ ಕಾಪರ್ ಇನ್ನೂ ಗಟ್ಟಿ, ಆದರೆ ದುಬಾರಿ. ಅದನ್ನು ಉಜ್ಜಿದಾಗ ಏಳುವ ದೂಳು ಶ್ವಾಸಕೋಶಕ್ಕೆ ಅಪಾಯಕಾರಿ. ದೂಳು ಹೀರುವ ವ್ಯವಸ್ಥೆ ಇಲ್ಲದ ವರ್ಕ್‌ಶಾಪ್‌ನಲ್ಲಿ ಅದಕ್ಕೆ ಗ್ರೈಂಡರ್ ಹಿಡಿಯಲೇಬಾರದು.

ಬಿಸಿಯ ಜೊತೆಗೆ ಗಾಳಿಯನ್ನೂ ಗಮನಿಸಬೇಕು. ಬ್ರಿಟಿಷರ ಕಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟ ಹಿತ್ತಾಳೆಯ ತೋಟೆಗಳು ಮಳೆಗಾಲದಲ್ಲಿ ತಾವಾಗಿಯೇ ಬಿರಿಯುತ್ತಿದ್ದವು. ಗಂಜಲದಿಂದ ಏಳುವ ಅಮೋನಿಯಾ, ತೇವ ಮತ್ತು ಲೋಹದೊಳಗಿನ ಬಿಗಿತ ಮೂರೂ ಕೂಡಿದ್ದೇ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಮಲ್ಪೆಯಂಥ ಬಂದರಿನಲ್ಲಿ ಅಮೋನಿಯಾ ಬಳಸುವ ಐಸ್ ಪ್ಲಾಂಟ್‌ನ ಕಂಪ್ರೆಸರ್ ಕೋಣೆಯಲ್ಲಿಯೂ ಈ ಮೂರೂ ಒಟ್ಟಿಗಿರಬಲ್ಲವು. ಅಲ್ಲಿ ಉಷ್ಣತೆ ಕಡಿಮೆಯಿದ್ದರೂ ಹಿತ್ತಾಳೆ ಬೇಡ, ಫಾಸ್ಫರ್ ಬ್ರಾಂಜ್ ಇರಲಿ.

ಇನ್ನು ಸ್ಪ್ರಿಂಗ್‌ನ ಮೇಲಿನ ಲೇಪದ ಮಾತು. ತವರದ ಲೇಪ ಸುಮಾರು 125 ಡಿಗ್ರಿಯವರೆಗೆ ಸಾಕು; ಅದಕ್ಕೂ ಮೇಲೆ ನಿಕಲ್ ಪದರದ ಮೇಲೆ ಬೆಳ್ಳಿ ಲೇಪಿಸಿದ್ದನ್ನು ಕೇಳಿ.

ಆರ್ಡರ್ ಕೊಡುವ ಮುನ್ನ, ನಿಮ್ಮ ಉಷ್ಣತೆಯಲ್ಲಿ 1000 ಗಂಟೆ ಇರಿಸಿದ ಮೇಲೆ ಎಷ್ಟು ಬಲ ಉಳಿಯುತ್ತದೆ ಎಂಬ ನಕ್ಷೆಯನ್ನು ಮಾರುವವರಿಂದ ಪಡೆಯಿರಿ. ಶೇ 70ಕ್ಕಿಂತ ಕಡಿಮೆಯಿದ್ದರೆ ನಾನು ಆ ಲೋಹವನ್ನು ಬಿಡುತ್ತೇನೆ. ನಕ್ಷೆ ಸಿಗದಿದ್ದರೆ, ಪಿನ್ ಸಿಕ್ಕಿಸಿದ ನಾಲ್ಕು ಸಾಕೆಟ್‌ಗಳನ್ನು ಅದೇ ಉಷ್ಣತೆಯ ಓವನ್‌ನಲ್ಲಿ 42 ದಿನ ಇಟ್ಟು, ಮೊದಲೂ ಕೊನೆಗೂ ಪಿನ್ ಎಳೆಯಲು ಬೇಕಾದ ಬಲವನ್ನು ಸ್ಪ್ರಿಂಗ್ ತಕ್ಕಡಿಯಲ್ಲಿ ಅಳೆದು ಹೋಲಿಸಬಹುದು.